ಕೊಡಗಿನ ರೆಸಾರ್ಟಲ್ಲಿ ರೈಲ್ವೆ ಕಂಬಿ ಸಿಕ್ಕರೆ ಮೊದಲು ಅಳತೆ, ಆಮೇಲೆ ಕತೆ

ಕೊಡಗಿನ ರೆಸಾರ್ಟ್, ಕ್ಯಾಂಪ್‌ಸೈಟ್‌ಗಳಲ್ಲಿ ಟೆಂಟಿಗೆ ಜಾಗ ಮಟ್ಟ ಮಾಡುವಾಗ ಮಣ್ಣಿನಡಿಯಿಂದ ರೈಲ್ವೆ ಕಂಬಿಯ ತುಂಡು ಎದ್ದು ಬರುವುದುಂಟು. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಅದು ನೇರ ಗುಜರಿಗೆ ಹೋಗುತ್ತದೆ, ಇಲ್ಲವೇ ಕೆಂಪು ಬಣ್ಣ ಬಳಿಸಿಕೊಂಡು ‘ಬ್ರಿಟಿಷರ ಕಾಲದ ರೈಲು ದಾರಿ’ ಎಂಬ ಬೋರ್ಡಿನ ಕೆಳಗೆ ನಿಲ್ಲುತ್ತದೆ. ಎರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕರ್ನಾಟಕದಲ್ಲಿ ಇವತ್ತಿಗೂ ರೈಲು ಮಾರ್ಗವಿಲ್ಲದ ಜಿಲ್ಲೆ ನಮ್ಮದು. ಮೈಸೂರು–ಕುಶಾಲನಗರ ಮಾರ್ಗ ಇನ್ನೂ ಕಾಗದದಲ್ಲೇ ಇದೆ. ಇಂಥ ಊರಲ್ಲಿ ಒಂದು ತುಂಡು ಕಂಬಿ ಹಿಡಿದು ಇಡೀ ರೈಲು ಮಾರ್ಗವನ್ನೇ ಕಟ್ಟಿಬಿಡುವ ಮೊದಲು ಆ ಕಂಬಿ ಏನು ಹೇಳುತ್ತದೆಂದು ಕೇಳಬೇಕು. ಅದು ಬಹಳ ಹೇಳುತ್ತದೆ.

ಮೊದಲು ನಮ್ಮಲ್ಲಿಗೆ ಕಂಬಿ ಹೇಗೆ ಬಂತು ನೋಡಿ. ಹಳೇ ಕಂಬಿಯನ್ನು ರೈಲ್ವೆಯವರು ಹರಾಜು ಹಾಕುತ್ತಾರೆ. ಗೆದ್ದಲು ಹಿಡಿಯದ, ಮಳೆಗೆ ಜಗ್ಗದ ಗಟ್ಟಿ ಉಕ್ಕು ಅದು. ಗೇಟಿನ ಕಂಬ, ಮೋರಿಯ ಅಡ್ಡಪಟ್ಟಿ, ಗೋದಾಮಿನ ತೊಲೆ, ತೋಡಿಗೆ ಹಾಕಿದ ಕಾಲುಸಂಕ, ಎಲ್ಲದಕ್ಕೂ ಬಳಕೆಯಾಗುತ್ತದೆ. ಈಚಿನ ವರ್ಷಗಳಲ್ಲಿ ಆನೆ ತಡೆಯಲು ಕಾಡಿನಂಚಿನಲ್ಲಿ ಹಾಕುತ್ತಿರುವ ಬ್ಯಾರಿಕೇಡ್ ಕೂಡ ಹಳೇ ಕಂಬಿಯದ್ದೇ. ಹಾಗಾಗಿ ಕೊಡಗಿನ ಮಣ್ಣಲ್ಲಿ ಕಂಬಿ ಸಿಕ್ಕಿತೆಂದರೆ ಅದು ಬೇರೆಲ್ಲೋ ರೈಲು ಹೊತ್ತು, ಸವೆದು, ಲಾರಿಯಲ್ಲಿ ಬಂದದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಹಾಗೆಂದು ಬಾಗಿಲು ಮುಚ್ಚಬೇಡಿ. ಪಶ್ಚಿಮಘಟ್ಟದ ಕಾಡು, ತೋಟಗಳಲ್ಲಿ ಓಡಿ ನಿಂತುಹೋದ ಹಳಿಗಳು ನಿಜವಾಗಿಯೂ ಇದ್ದವು. ಕೇರಳದ ಪರಂಬಿಕುಳಂ ಕಾಡಿನ ಮರವನ್ನು ಚಾಲಕುಡಿಗೆ ಇಳಿಸುತ್ತಿದ್ದ ಕೊಚ್ಚಿನ್ ಅರಣ್ಯ ಟ್ರಾಮ್‌ವೇ 1907ರಿಂದ 1963ರ ತನಕ ನಡೆಯಿತು. ಕಡಿದಾದ ಇಳಿಜಾರಲ್ಲಿ ಇಳಿಯುವ ತುಂಬಿದ ಗಾಡಿಯೇ ಖಾಲಿ ಗಾಡಿಯನ್ನು ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತಿತ್ತು. ಮುನ್ನಾರಿನ ಕುಂಡಳ ಕಣಿವೆಯಲ್ಲಿ 1902ರಲ್ಲಿ ಎತ್ತು ಎಳೆಯುವ ಒಂಟಿ ಹಳಿ, 1908ರಲ್ಲಿ ಎರಡಡಿ ಗೇಜಿನ (ಗೇಜ್ ಎಂದರೆ ಎರಡು ಕಂಬಿಗಳ ನಡುವಿನ ಅಂತರ) ಉಗಿಬಂಡಿ ಬಂತು, 1924ರ ಪ್ರವಾಹ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ನಮ್ಮಲ್ಲೂ ಕಣದಿಂದ ಗೋದಾಮಿಗೆ, ಕಲ್ಲುಕೋರೆಯಿಂದ ರಸ್ತೆಗೆ ಹಾಕಿದ ನೂರಿನ್ನೂರು ಅಡಿಯ ತಳ್ಳುಗಾಡಿ ಹಳಿ ಸಿಕ್ಕಲಾರದೆಂದು ಹೇಳಲಾಗದು. ಸಿಕ್ಕರೆ ಅದು ಕಾಫಿ ತೋಟದ ಕೆಲಸದ ಚರಿತ್ರೆ, ಅದಕ್ಕೂ ಬೆಲೆಯಿದೆ.

ಈಗ ಅಳತೆ. ಕಂಬಿಗೆ ತಲೆ, ಕಾಲು, ನಡುವೆ ತೆಳು ಸೊಂಟ ಇರುತ್ತದೆ. ಟೇಪ್ ಹಿಡಿದು ಒಟ್ಟು ಎತ್ತರ, ಕಾಲಿನ ಅಗಲ, ತಲೆಯ ಅಗಲ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರ 143, ಕಾಲು 136 ಆಸುಪಾಸು ಬಂದರೆ ಗಜಕ್ಕೆ 90 ಪೌಂಡಿನ ಬ್ರಾಡ್‌ಗೇಜ್ ಕಂಬಿ, ಒಂದು ಮೀಟರಿಗೆ 44.6 ಕೆಜಿ ತೂಗುತ್ತದೆ. 128–129 ಎತ್ತರ ಇದ್ದರೆ 75 ಪೌಂಡಿನದ್ದು. 114 ಎತ್ತರ, 109–110 ಕಾಲು ಬಂದರೆ 60 ಪೌಂಡು, 105 ಎತ್ತರ, 100 ಕಾಲು ಬಂದರೆ 50 ಪೌಂಡು. ಈ ಕೊನೆಯ ಎರಡು ಮೀಟರ್‌ಗೇಜಲ್ಲಿ ಮಾಮೂಲಾಗಿದ್ದವು. ತಲೆ ಸವೆದಿದ್ದರೆ ಎತ್ತರ ಕೆಲವು ಮಿಲಿಮೀಟರ್ ಕಡಿಮೆ ತೋರುತ್ತದೆ, ಆದ್ದರಿಂದ ಕಾಲಿನ ಅಗಲವನ್ನೇ ಹೆಚ್ಚು ನಂಬಿ. ಎರಡೂವರೆ ಇಂಚಿನಷ್ಟೇ ಎತ್ತರದ ಪುಟ್ಟ ಕಂಬಿ ಸಿಕ್ಕರೆ ಮಾತ್ರ ಕಿವಿ ನೆಟ್ಟಗಾಗಬೇಕು. ಅದು ಗಜಕ್ಕೆ 20 ಪೌಂಡಿನ ಸುಮಾರಿನದು, ತಳ್ಳುಗಾಡಿ, ಟ್ರಾಲಿಗಳ ಹಳಿ. ಬ್ಯಾರಿಕೇಡಿಗೆ ಅಂಥದ್ದು ಬರುವುದಿಲ್ಲ.

ಮುಂದೆ ಮುದ್ರೆ. ಉಕ್ಕು ಕೆಂಪಗಿರುವಾಗಲೇ ಸೊಂಟದ ಮೇಲೆ ಉಬ್ಬಕ್ಷರ ಎದ್ದಿರುತ್ತದೆ. ಕಾರ್ಖಾನೆ, ತೂಕದ ವರ್ಗ, ತಿಂಗಳು, ಇಸವಿ ಅದರಲ್ಲಿರುತ್ತವೆ. ತಿಂಗಳು ರೋಮನ್ ಅಂಕಿಯಲ್ಲೋ ಬರೀ ಗೀಟುಗಳಲ್ಲೋ ಇರುವುದುಂಟು. ಕಂಬಿಯುದ್ದಕ್ಕೂ ಅದು ಮತ್ತೆ ಮತ್ತೆ ಬರುವುದರಿಂದ ಒಂದು ಕಡೆ ತಿಂದುಹೋಗಿದ್ದರೆ ಮುಂದಕ್ಕೆ ನೋಡಿ. ಎರಡೂ ಮಗ್ಗುಲು ನೋಡಿ. ಮಣ್ಣನ್ನು ನೀರು, ನಾರಿನ ಬ್ರಷ್ಷಿನಿಂದ ತೆಗೆಯಿರಿ, ಸಡಿಲ ತುಕ್ಕಿಗೆ ತಂತಿ ಬ್ರಷ್ ಸಾಕು. ಗ್ರೈಂಡರ್ ಮುಟ್ಟಿಸಲೇಬೇಡಿ, ಆ್ಯಸಿಡ್ ಸುರಿಯಬೇಡಿ. ಅಕ್ಷರದ ಉಬ್ಬು ತೀರಾ ಕಡಿಮೆ, ಚಕ್ರ ಒಮ್ಮೆ ಓಡಿದರೆ ಇಸವಿಯೇ ಹೋಯಿತು. ಒಣಗಿದ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ಉಜ್ಜಿ, ಕತ್ತಲಾದ ಮೇಲೆ ಟಾರ್ಚನ್ನು ಕಂಬಿಗೆ ಒರಗಿಸಿ ಅಡ್ಡ ಬೆಳಕು ಬಿಡಿ. ಹಗಲಲ್ಲಿ ಬರೀ ತುಕ್ಕಾಗಿ ಕಂಡದ್ದು ಅಕ್ಷರವಾಗಿ ಏಳುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚನ್ನೂ ತೆಗೆದುಕೊಳ್ಳಿ.

ಮುದ್ರೆ ಓದುವಾಗ ಜನ ಎಡವುವುದು ಒಂದೇ ಕಡೆ. ಕಂಬಿಯ ಮೇಲಿನ ಇಸವಿ ಕಂಬಿ ಹುಟ್ಟಿದ ವರ್ಷ, ಹಳಿ ಹಾಕಿದ ವರ್ಷ ಅಲ್ಲ. ಮುಖ್ಯ ಮಾರ್ಗದಲ್ಲಿ ಸವೆದದ್ದು ಸೈಡಿಂಗಿಗೆ, ಅಂದರೆ ಪಕ್ಕದ ಕವಲು ಹಳಿಗೆ ಹೋಗಿ, ಅಲ್ಲಿಂದ ಹರಾಜಿಗೆ ಬರುತ್ತದೆ. ಆದ್ದರಿಂದ ಇಸವಿ ‘ಇದಕ್ಕಿಂತ ಹಿಂದೆ ಅಲ್ಲ’ ಎಂದಷ್ಟೇ ಹೇಳುತ್ತದೆ. ಟಾಟಾ ಮುದ್ರೆ ಇದ್ದರೆ 1912ಕ್ಕಿಂತ ಹಿಂದಕ್ಕೆ ಹೋಗಲಾಗದು, ಭಿಲಾಯಿ ಎಂದಿದ್ದರೆ 1960ಕ್ಕಿಂತ ಹಿಂದಕ್ಕೆ ಹೋಗಲಾಗದು. ತೂಕ ಕೆಜಿಯಲ್ಲಿದ್ದರೆ ಅದು ಮೆಟ್ರಿಕ್ ಅಳತೆ ಬಂದ ಮೇಲಿನದು. ಇಂಗ್ಲೆಂಡಿನ ಕಾರ್ಖಾನೆಯ ಹೆಸರಿದ್ದರೂ ಇಲ್ಲಿ ಬ್ರಿಟಿಷರು ರೈಲು ಓಡಿಸಿದರೆಂದು ಅರ್ಥವಲ್ಲ. ಆಗ ದೇಶಕ್ಕೆ ಬೇಕಾದ ಕಂಬಿಯಲ್ಲಿ ಹೆಚ್ಚಿನದು ಅಲ್ಲಿಂದಲೇ ಬರುತ್ತಿತ್ತು.

ತುದಿಗಳನ್ನೂ ನೋಡಿ. ಎರಡು ಕಂಬಿಗಳ ತುದಿ ಜೋಡಿಸುವ ಪಟ್ಟಿಯ, ಅಂದರೆ ಫಿಶ್‌ಪ್ಲೇಟಿನ ಬೋಲ್ಟಿಗೆ ಕೊರೆದ ತೂತು ನೀಟಾಗಿ ದುಂಡಗಿರುತ್ತದೆ. ಗ್ಯಾಸಿನಲ್ಲಿ ಸುಟ್ಟು ಮಾಡಿದ ತೂತು, ಮೂತಿ ಕರಗಿ ಒರಟಾದ ತುದಿ ಕಂಡರೆ ಅದು ಕಂಬವೋ ತೊಲೆಯೋ ಆಗಲು ಕತ್ತರಿಸಿಕೊಂಡದ್ದು. ನೆಟ್ಟ ಕಂಬವಾಗಿದ್ದರೆ ನೆಲಮಟ್ಟಕ್ಕೆ ಸರಿಯಾಗಿ ಒಂದು ಗೇಣಿನಷ್ಟು ಸೊರಗಿರುತ್ತದೆ, ನಮ್ಮ ಮಳೆಗೆ ಉಕ್ಕು ಮೊದಲು ತಿಂದುಹೋಗುವುದು ಅಲ್ಲೇ.

ಕಂಬಿಗಿಂತ ನೆಲವನ್ನು ಓದುವುದು ಮುಖ್ಯ, ಕೊಡಗಲ್ಲಿ ಕಷ್ಟವೂ ಅದೇ. ಇಲ್ಲಿ ರೈಲಿನ ಕಟಿಂಗಿನಂತೆ, ಅಂದರೆ ಹಳಿಗಾಗಿ ಗುಡ್ಡ ಕಡಿದ ದಾರಿಯಂತೆ ಕಾಣುವ ಹಳೇ ಮಣ್ಣುಕೆಲಸ ಬೇಕಾದಷ್ಟಿದೆ. ಅರಸರ ಕಾಲದ ಕಡಂಗಗಳನ್ನೇ ನೋಡಿ: ಆಳವಾದ ಕಂದಕ, ಪಕ್ಕದಲ್ಲಿ ಅಗೆದ ಮಣ್ಣಿನ ದಿಬ್ಬ. ಐನ್‌ಮನೆಗೆ (ಕೊಡವ ಕುಟುಂಬದ ಮೂಲಮನೆ) ಹೋಗುವ ಓಣಿಯೂ ಎರಡು ದಿಬ್ಬಗಳ ನಡುವೆ ತಗ್ಗಾಗಿ ಸಾಗುತ್ತದೆ. ಕಡಂಗಕ್ಕೆ ಏರಿನ ಲೆಕ್ಕ ಇಲ್ಲ, ಗುಡ್ಡ ಬಂದರೆ ನೇರ ಹತ್ತಿ ಆಚೆ ಇಳಿಯುತ್ತದೆ. ರೈಲು ಹಾಗೆ ಹತ್ತಲಾರದು. ಉಬ್ಬಿದ್ದಲ್ಲಿ ಕಡಿದು, ತಗ್ಗಿದ್ದಲ್ಲಿ ಮಣ್ಣಿನ ಏರಿ ಹಾಕಿ ಮಟ್ಟ ಕಾಯುತ್ತದೆ. ಕಟಿಂಗ್ ಮುಗಿದಲ್ಲಿ ಏರಿ ಶುರುವಾಗಬೇಕು, ತೋಡು ದಾಟುವಲ್ಲಿ ಕಲ್ಲಿನ ಮೋರಿಯ ಗುರುತಿರಬೇಕು.

ಇದನ್ನು ಅಳೆಯಲು ಕಟ್ಟಡದವರ ನೀರಿನ ಪೈಪ್ ಲೆವೆಲ್ ಸಾಕು. ಹತ್ತು ಮೀಟರಿಗೊಂದು ಗೂಟ, ಹೀಗೆ ಮೂರು ಸಲ, ಒಟ್ಟು 30 ಮೀಟರ್. ಏರು ಒಂದು ಮೀಟರ್ ಬಂದರೆ 30ಕ್ಕೆ 1, ಸಣ್ಣ ಗೇಜಿನ ಬಂಡಿಗೆ ಅದು ಸಾಧ್ಯ. ಮೂರು ಮೀಟರ್ ಬಂದರೆ ಹಲ್ಲುಹಳಿಯೋ (ಬಂಡಿಯ ಹಲ್ಲುಚಕ್ರ ಕಚ್ಚಿ ಹತ್ತುವ ಹಳಿ) ಹಗ್ಗದ ಎಳೆತವೋ ಇಲ್ಲದೆ ಆಗದು. ತಿರುವಿಗೆ ಹತ್ತು ಮೀಟರ್ ದಾರವನ್ನು ಒಳ ಅಂಚಿನ ಮೇಲೆ ಬಿಗಿಯಾಗಿ ಹಿಡಿದು, ದಾರದ ನಡುವಿನಿಂದ ಅಂಚಿಗೆ ಎಷ್ಟು ದೂರ ನೋಡಿ. 25 ಸೆಂಟಿಮೀಟರ್ ಬಂದರೆ ತಿರುವಿನ ತ್ರಿಜ್ಯ 50 ಮೀಟರ್. ಒಂದು ಮೀಟರ್ ದಾಟಿದರೆ ಅದು ಜೀಪಿನ ತೋಟದ ರಸ್ತೆ, ಹೆಚ್ಚೆಂದರೆ ಕೈಯಲ್ಲಿ ತಳ್ಳುವ ಟ್ರಾಲಿ.

ಕಂಬಿಯಡಿಗೆ ಅಡ್ಡ ಹಾಕುವ ಮರದ ಸ್ಲೀಪರ್ ಇಲ್ಲಿನ ಗೆದ್ದಲು, ಮಳೆಗೆ ಉಳಿಯುವುದು ಅಪರೂಪ, ಕಂಬಿಯನ್ನು ಅದಕ್ಕೆ ಬಿಗಿಯುವ ಡಾಗ್ ಸ್ಪೈಕ್ ಮೊಳೆ ಉಳಿಯುತ್ತದೆ. ಮರದಲ್ಲಿ ಹೊಡೆದದ್ದಾದರೆ ಮೊಳೆಯ ಮೈಮೇಲಿನ ತುಕ್ಕಿನಲ್ಲಿ ಮರದ ನಾರು ಗೆರೆಗೆರೆಯಾಗಿ ಅಚ್ಚೊತ್ತಿ ಕೂತಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ತೊಳೆಯಬೇಡಿ. ಮೊಳೆಗಳು ಎರಡು ಸಮಾನಾಂತರ ಸಾಲಲ್ಲಿ, ಮುಕ್ಕಾಲು ಮೀಟರಿನ ಸುಮಾರು ಅಂತರಕ್ಕೊಂದು ಸಿಕ್ಕರೆ, ಅದರಡಿ ಊರಿನದಲ್ಲದ ಒಡೆದ ಜಲ್ಲಿಯ ಪದರ ಇದ್ದರೆ, ಆಗ ಇಲ್ಲಿ ಹಳಿ ಇತ್ತೆಂದು ಧೈರ್ಯವಾಗಿ ಹೇಳಬಹುದು. ಕಿತ್ತು ರಾಶಿ ಹಾಕಿದ ಮೇಲೆ ಈ ಸಾಕ್ಷಿ ಯಾವ ದುಡ್ಡಿಗೂ ಸಿಗುವುದಿಲ್ಲ. ಜೆಸಿಬಿ ಅರ್ಧ ಗಂಟೆಯಲ್ಲಿ ಅಳಿಸುವುದು ಇದನ್ನೇ, ನನಗೆ ಹೊಟ್ಟೆ ಉರಿಯುವುದೂ ಇದಕ್ಕೇ.

ಆದ್ದರಿಂದ ರೆಸಾರ್ಟ್ ನಡೆಸುವವರಲ್ಲಿ ವಿನಂತಿ. ಒಂದು ಕಂಬಿ ಕಂಡ ಕೂಡಲೇ ಯಂತ್ರ ನಿಲ್ಲಿಸಿ. ಸ್ಕೇಲ್ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿ, ಕಂಬಿ ಯಾವ ದಿಕ್ಕಿಗೆ ಮಲಗಿತ್ತು, ತಲೆ ಮೇಲಿತ್ತೋ ಅಡ್ಡ ಬಿದ್ದಿತ್ತೋ ಬರೆದಿಡಿ. ಹುಡುಕಾಟಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು, ಕುರುಚಲು ಒಣಗಿ ನೆಲ ಕಾಣುತ್ತದೆ, ಜಿಗಣೆ ಕಾಟವಿಲ್ಲ. ಪಕ್ಕದ ರಿಸರ್ವ್ ಫಾರೆಸ್ಟಿಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ಕೊಡಗು 1956ರ ತನಕ ಬೇರೆ ಆಡಳಿತವಾಗಿತ್ತು, ಹಾಗಾಗಿ ಮೈಸೂರು ಸಂಸ್ಥಾನದ ರೈಲ್ವೆ ಕಡತದಲ್ಲಷ್ಟೇ ಹುಡುಕಿದರೆ ಸಾಲದು. ಕೂರ್ಗ್ ಅರಣ್ಯ ಆಡಳಿತದ ವಾರ್ಷಿಕ ವರದಿ, ಸರ್ವೆ ಆಫ್ ಇಂಡಿಯಾದ ಒಂದಿಂಚು–ಒಂದು ಮೈಲಿಯ ಹಳೇ ನಕ್ಷೆ, ತೋಟದ ಹಳೇ ಪ್ಲಾನು, ಈ ಮೂರನ್ನು ಒಟ್ಟಿಗಿಟ್ಟು ನೋಡಿ. ಅಲಂಕಾರಕ್ಕೆಂದು ಹೊರಗಿನಿಂದ ಕಂಬಿ ಕೊಳ್ಳುವುದಾದರೆ ಹರಾಜಿನ ರಸೀದಿ ಕೇಳಿ ಪಡೆಯಿರಿ. ಕದ್ದ ರೈಲ್ವೆ ಸೊತ್ತು ಇಟ್ಟುಕೊಂಡವರ ಮೇಲೆ 1966ರ ಕಾಯ್ದೆಯಡಿ ಕೇಸಾಗುತ್ತದೆ.

ಬೋರ್ಡ್ ಬೇಕೇ ಬೇಕೆಂದಿದ್ದರೆ ಅದರಲ್ಲಿ ಕಂಬಿಯ ಅಳತೆ, ಮುದ್ರೆಯಲ್ಲಿ ಓದಲು ಬಂದ ಅಕ್ಷರ, ಸಿಕ್ಕ ಜಾಗ ಮತ್ತು ಆಳ ಬರೆಯಿರಿ. ಹೊರಗಿನಿಂದ ತಂದು ನಿಲ್ಲಿಸಿದ್ದಾದರೆ ಅದನ್ನೂ ಅದೇ ಬೋರ್ಡಿನಲ್ಲಿ ಬರೆಯಿರಿ.