ಡ್ರಾಕುಲಾ ಬಿಡಿ, ಮನೆ ಯಾರ ಹೆಸರಲ್ಲಿದೆ ಹೇಳಿ

ನಿನ್ನೆ ತಮ್ಮನ ಮಗ ಬಂದಿದ್ದ. ಜರ್ಮನಿಯಲ್ಲಿ ಕೆಲಸ, ರಜೆಗೆ ರೊಮೇನಿಯಾ ಸುತ್ತಿ ಬಂದಿದ್ದಾನೆ. ಬ್ರಾನ್ ಕೋಟೆಯ ಮುಂದೆ ಪ್ಲಾಸ್ಟಿಕ್ ಕೋರೆಹಲ್ಲು ಕಚ್ಚಿಕೊಂಡು ತೆಗೆಸಿದ ಫೋಟೋಗಳೇ ನಲವತ್ತು. ನನಗೊಂದು ಡ್ರಾಕುಲಾ ಮಗ್ ಬೇರೆ. "ದೊಡ್ಡಪ್ಪ, ಇದೇ ಡ್ರಾಕುಲಾ ಮನೆ" ಅಂದ.

ನಾನೋ, ಮನೆ-ಜಮೀನಿನ ದಸ್ತಾವೇಜು ನೋಡುವ ಆಫೀಸಿನಲ್ಲಿ ಕೂತು ತಲೆ ನರೆಸಿಕೊಂಡವನು. ದಸ್ತಾವೇಜು ನೋಡದೆ ಯಾರ ಮನೆಯನ್ನೂ ಅವರದ್ದು ಅಂತ ಒಪ್ಪಿದವನಲ್ಲ. "ಯಾರ ಹೆಸರಲ್ಲಿದೆ?" ಅಂತ ಕೇಳಿದೆ. "ಸರ್ಕಾರದ್ದಿರಬೇಕು." ಇರಬೇಕಂತೆ! ಟಿಕೆಟ್ ದುಡ್ಡು ಯಾರ ಜೇಬಿಗೆ ಹೋಯಿತು ಅಂತಲೂ ನೋಡಿಲ್ಲ.

ರಕ್ತ ಹೀರುವ ಡ್ರಾಕುಲಾನ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ರೊಮೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಡ್ರಾಕುಲಾ ಹೆಸರಿಗೆ ಮೂಲ ಅನ್ನುವ ವ್ಲಾಡ್ ಎಂಬ ಅರಸ ಆ ಕೋಟೆಯಲ್ಲಿ ಸಂಸಾರ ಹೂಡಿದ್ದ ಅನ್ನುವುದಕ್ಕೂ ದಾಖಲೆ ಇಲ್ಲ. ದಾಖಲೆ ಇರುವವರ ಕಥೆಯೋ, ಅದನ್ನು ಕೇಳುವವರೇ ಇಲ್ಲ.

ಕೇಳಿ. 1377ರಲ್ಲಿ ಹಂಗೇರಿಯ ದೊರೆ ಒಂದನೇ ಲೂಯಿ ಹತ್ತಿರದ ಬ್ರಾಶೋವ್ ಊರಿನ ಸ್ಯಾಕ್ಸನ್ನರಿಗೆ, ಅಂದರೆ ಅಲ್ಲಿ ನೆಲೆಸಿದ್ದ ಜರ್ಮನ್ ಮೂಲದವರಿಗೆ, ಅಪ್ಪಣೆ ಕೊಟ್ಟ, ಕೋಟೆ ಕಟ್ಟಿಕೊಳ್ಳಿ ಅಂತ. ಖರ್ಚು ದೊರೆಯದ್ದಲ್ಲ, ಊರಿನವರದ್ದೇ! ಗುಡ್ಡಗಳ ನಡುವಿನ ದಾರಿ ಕಾಯುವುದು, ಸುಂಕ ವಸೂಲಿ ಮಾಡುವುದು, ಅಷ್ಟೇ ಅಲ್ಲಿನ ಕೆಲಸ. ರಕ್ತ ಹೀರಿದ್ದೇನಿದ್ದರೂ ವ್ಯಾಪಾರಿಗಳದ್ದು. 1651ರಲ್ಲಿ ಆ ಕೋಟೆಯಿರುವ ಸೀಮೆ ಟ್ರಾನ್ಸಿಲ್ವೇನಿಯಾದ ಅರಸ ರಾಕೋಝಿ ಅದನ್ನು ಬ್ರಾಶೋವ್‌ಗೇ ಮಾರಿದ. ಕಟ್ಟಿದವರೇ ಕೊಂಡುಕೊಂಡ ಹಾಗಾಯಿತು.

ಆ ಸೀಮೆ ರೊಮೇನಿಯಾಕ್ಕೆ ಸೇರಿದ ಮೇಲೆ, 1920ರಲ್ಲಿ ಊರಿನವರು ಕೋಟೆಯನ್ನು ರೊಮೇನಿಯಾದ ರಾಣಿ ಮೇರಿಗೆ ದಾನ ಕೊಟ್ಟರು. ಆಕೆ ಅದನ್ನು ರಿಪೇರಿ ಮಾಡಿಸಿ ಬೇಸಿಗೆ ಮನೆ ಮಾಡಿಕೊಂಡಳು. 1938ರಲ್ಲಿ ತೀರಿಕೊಳ್ಳುವಾಗ ಮಗಳು ಇಲಿಯಾನಾಗೆ ಬಿಟ್ಟುಹೋದಳು. ಮೇರಿಯ ಹೃದಯವನ್ನು ಬೇರೆ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದರು. 1940ರಲ್ಲಿ ಅದನ್ನೂ ಬ್ರಾನ್‌ಗೆ ತಂದರು. ಮೈ ಜುಂ ಅನ್ನಿಸಲು ಇದು ಸಾಲದೇ? ಕೋರೆಹಲ್ಲು ಯಾಕೆ ಬೇಕು?

1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕೋಟೆಯನ್ನು ಕಿತ್ತುಕೊಂಡಿತು. ರಾಜಮನೆತನ ದೇಶ ಬಿಟ್ಟಿತು. ಇಲಿಯಾನಾ ಕೊನೆಗೆ ಅಮೆರಿಕದಲ್ಲಿ ಸನ್ಯಾಸಿನಿಯಾದಳು. ಆಕೆಯ ಮಗ ಡೊಮಿನಿಕ್‌ಗೆ ದೇಶ ಬಿಡುವಾಗ ಹತ್ತು ವರ್ಷ. 2006ರಲ್ಲಿ ಸರ್ಕಾರ ಅವನಿಗೂ ತಂಗಿಯರಿಗೂ ಕೋಟೆ ವಾಪಸ್ ಕೊಟ್ಟಾಗ ಅವನಿಗೆ 68. ಪೂರ್ತಿ ಸ್ವಾಧೀನಕ್ಕೆ ಬರಲು 2009ರವರೆಗೆ ಕಾಯಬೇಕಾಯಿತು. ಇಲಿಯಾನಾ 1991ರಲ್ಲೇ ಹೋಗಿದ್ದಳು.

ಇಲ್ಲಿ ನನಗೆ ಸ್ವಲ್ಪ ಗಂಟಲು ಕಟ್ಟುತ್ತದೆ. ಊರ ಮನೆಯ ಪಾಲಿಗೆ ನಾವು 19 ವರ್ಷ ಕೋರ್ಟು ಅಲೆದೆವು. ಬೀಗದ ಕೈ ಸಿಕ್ಕಾಗ ಅಪ್ಪ ಇರಲಿಲ್ಲ. ಹೋಗಲಿ ಬಿಡಿ.

ಹಾಗಂತ ನಾನು ರಾಣಿಯ ಕಡೆ ವಕಾಲತ್ತು ಹಾಕುತ್ತಿಲ್ಲ. ಸ್ವಂತ ದುಡ್ಡಲ್ಲಿ ಕಲ್ಲು ಹೊತ್ತ ಸ್ಯಾಕ್ಸನ್ನರ ಮೊಮ್ಮಕ್ಕಳು? ಹೆಚ್ಚಿನವರು ಕಳೆದ ಶತಮಾನದ ಕೊನೆಗೆ ಜರ್ಮನಿಗೆ ಗಂಟುಮೂಟೆ ಕಟ್ಟಿದರು. ಬಿಟ್ಟಿ ಕೊಟ್ಟ ಊರಿಗಾದರೂ ಏನು ದಕ್ಕಿತು? ಅದೇ ಕೋಟೆಯನ್ನು 2007ರಲ್ಲಿ ವಾರಸುದಾರರು ಅಲ್ಲಿನ ಜಿಲ್ಲಾಡಳಿತಕ್ಕೇ ಮಾರಲು ಹೊರಟಿದ್ದರು! ವ್ಯಾಪಾರ ಕುದುರಲಿಲ್ಲ. ನಮ್ಮ ಹುಡುಗ ಕೊಟ್ಟ ಟಿಕೆಟ್ ದುಡ್ಡು ಈಗ ಖಾಸಗಿ ಮ್ಯೂಸಿಯಂಗೆ ಹೋಗುತ್ತದೆ.

"ಡ್ರಾಕುಲಾ ಇಲ್ಲದಿದ್ರೆ ಅಲ್ಲಿಗೆ ಯಾರು ಹೋಗ್ತಿದ್ರು ದೊಡ್ಡಪ್ಪ?" ಅಂದ. ಸರಿ, ಮಾಡು ಸೋರದ ಹಾಗೆ ನೋಡಿಕೊಳ್ಳುತ್ತಿರುವುದು ಆ ಇಲ್ಲದ ಪಿಶಾಚಿಯೇ ಇರಬಹುದು. ಆದರೆ ಬಾಡಿಗೆ ಕಟ್ಟಿದ ಮಾತ್ರಕ್ಕೆ ಮನೆ ಅವನದ್ದಾಗುತ್ತದೆಯೇ? ಮೂವತ್ತು ವರ್ಷ ಇಂಥ ವಾದ ಕೇಳಿ ಕೇಳಿ ಸಾಕಾಗಿದೆ ನನಗೆ.

ಮಗ್ ಮಾತ್ರ ಚೆನ್ನಾಗಿದೆ. ಕಾಫಿ ಜಾಸ್ತಿ ಹಿಡಿಯುತ್ತೆ.