ಮಾತಾಡದವರ ಮಾತೂ ಕೇಳಿಸಿತಂತೆ

2014ರ ನವೆಂಬರ್ 5. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಮಧ್ಯಂತರ ಚುನಾವಣೆ ಮುಗಿದಿತ್ತು. ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಹುಮತ ಕಳೆದುಕೊಂಡಿತ್ತು. ಶ್ವೇತಭವನದಲ್ಲಿ ಪತ್ರಕರ್ತರ ಮುಂದೆ ನಿಂತ ಅಧ್ಯಕ್ಷರು, ವೋಟು ಹಾಕಿದವರ ಮಾತು ತನಗೆ ಕೇಳಿಸಿದೆ ಎಂದರು. ಸರಿ, ಸೋತವರು ಹೇಳುವ ಮಾತೇ. ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ವೋಟು ಹಾಕಲು ಬಾರದ ಮೂರನೇ ಎರಡು ಭಾಗದ ಮತದಾರರ ಮಾತೂ ಕೇಳಿಸಿದೆ ಎಂದರು.

ಮಿಷಿಗನ್‌ನಲ್ಲಿ ಅಕ್ಕನ ಮನೆಯ ಸೋಫಾದ ಮೇಲೆ ಗಿರ್ಮಿಟ್ ತಿನ್ನುತ್ತಾ ಕೂತಿದ್ದ ನನಗೆ ಮೈ ಜುಮ್ಮೆಂದಿತು. ನಾನೂ ವೋಟು ಹಾಕಿರಲಿಲ್ಲವಲ್ಲ! ಆಮೇಲೆ ಭಾವ ತಿದ್ದಿದರು. ನನ್ನದು ಕೆಲಸದ ವೀಸಾ. ಹಾಗಾಗಿ ವೋಟು ಹಾಕದವರ ಲೆಕ್ಕದಲ್ಲೂ ನಾನು ಬರುವುದಿಲ್ಲ. ಈ ದೇಶದಲ್ಲಿ ಸುಮ್ಮನಿರುವುದಕ್ಕೂ ಪೌರತ್ವ ಬೇಕು.

ಮಧ್ಯಂತರ ಚುನಾವಣೆ ಅಂದರೆ ನಮ್ಮವರಿಗೆ ತಕ್ಷಣ ಹೊಳೆಯುವುದು ಸರ್ಕಾರ ಬಿತ್ತು, ರೆಸಾರ್ಟ್ ಬುಕ್ ಆಯಿತು ಅಂತ. ಅಮೆರಿಕದಲ್ಲಿ ಏನೂ ಬೀಳುವುದಿಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ, ನವೆಂಬರ್‌ನ ಒಂದು ಮಂಗಳವಾರ, ಕೆಳಮನೆಯ ಅಷ್ಟೂ 435 ಸೀಟಿಗೆ ಮತ್ತು ಸೆನೆಟ್‌ನ ಮೂರನೇ ಒಂದು ಭಾಗಕ್ಕೆ ಚುನಾವಣೆ ನಡೆಯುತ್ತದೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದಿಲ್ಲ. ಆದರೂ ಮರುದಿನ ಎಲ್ಲರೂ ಕೇಳುವ ಪ್ರಶ್ನೆ, ಜನ ಅಧ್ಯಕ್ಷರಿಗೆ ಏನು ಹೇಳಿದರು? ಜನಾದೇಶ ಯಾರಿಗೆ?

ಜನ ಸಾಮಾನ್ಯವಾಗಿ ಹೇಳುವುದು ಒಂದೇ. 2022ರವರೆಗಿನ ನೂರು ವರ್ಷ ನೋಡಿ. 1934, 1998, 2002 ಈ ಮೂರು ಬಿಟ್ಟರೆ ಪ್ರತಿ ಮಧ್ಯಂತರದಲ್ಲೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸೀಟು ಕಳೆದುಕೊಂಡಿದೆ. ಅಧ್ಯಕ್ಷ ಯಾರೇ ಇರಲಿ, ಯುದ್ಧ ಇರಲಿ ಬಿಡಲಿ. ಜೂನ್‌ನಲ್ಲಿ ಮಳೆ ಬಂದ ಹಾಗೆ. ಆದರೆ ಜೂನ್‌ನಲ್ಲಿ ಮಳೆ ಬಂದರೆ "ಮೋಡಗಳು ನಮಗೆ ಸ್ಪಷ್ಟ ಆದೇಶ ಕೊಟ್ಟಿವೆ" ಅಂತ ಯಾರೂ ಪತ್ರಿಕಾಗೋಷ್ಠಿ ಕರೆಯುವುದಿಲ್ಲ, ಅಲ್ವಾ?

ಜನ, ಆದೇಶ. ಸೇರಿದರೆ ಸವರ್ಣದೀರ್ಘ ಸಂಧಿ ಅಂತ ನಮ್ಮ ಮೇಷ್ಟ್ರು ಕಲಿಸಿದ್ದರು. ವಾಷಿಂಗ್ಟನ್‌ನಲ್ಲಿ ಅದು ಲೋಪಸಂಧಿ. ಜನ ಲೋಪವಾಗಿ ಆದೇಶ ಮಾತ್ರ ಉಳಿಯುತ್ತದೆ.

ಹೇಗೆ ಅಂತೀರಾ? 1994ಕ್ಕೆ ಬನ್ನಿ. ಅಧ್ಯಕ್ಷರು ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್. ರಿಪಬ್ಲಿಕನ್ನರು ಕೆಳಮನೆಯಲ್ಲಿ 54 ಸೀಟು ಜಾಸ್ತಿ ಗೆದ್ದರು. 40 ವರ್ಷಗಳ ನಂತರ ಬಹುಮತ. ನ್ಯೂಟ್ ಗಿಂಗ್ರಿಚ್ ಸ್ಪೀಕರ್ ಆದರು. ಜನ ಕ್ರಾಂತಿ ಬೇಕು ಅಂದಿದ್ದಾರೆ ಎಂದು ಅವರ ಪಕ್ಷದವರು ಓದಿಕೊಂಡರು. ಮುಂದಿನ ವರ್ಷ ಬಜೆಟ್ ಜಗಳ ಹತ್ತಿ ಸರ್ಕಾರಿ ಕಚೇರಿಗಳಿಗೆ ಬೀಗ ಬಿತ್ತು. ಎರಡನೇ ಸಲ ಬಿದ್ದ ಬೀಗ ತೆಗೆಯಲು 21 ದಿನ ಹಿಡಿಯಿತು. 1996ರಲ್ಲಿ ಅದೇ ಜನ ಹೋಗಿ ಕ್ಲಿಂಟನ್‌ರನ್ನೇ ಮತ್ತೆ ಗೆಲ್ಲಿಸಿ ಬಂದರು.

1998 ಇನ್ನೂ ಮಜಾ. ಮೋನಿಕಾ ಲೆವಿನ್ಸ್ಕಿ ವಿಷಯದಲ್ಲಿ ಕ್ಲಿಂಟನ್ ಸುಳ್ಳು ಹೇಳಿದರೆಂಬ ಪ್ರಕರಣದ ಗಲಾಟೆಯ ನಡುವೆಯೇ ಮಧ್ಯಂತರ ಬಂತು. ಅಧ್ಯಕ್ಷರ ಪಕ್ಷ ಸೋಲುವುದು ಬಿಟ್ಟು ಐದು ಸೀಟು ಜಾಸ್ತಿ ಗೆದ್ದಿತು. ಕೆಲವೇ ದಿನದಲ್ಲಿ ಗಿಂಗ್ರಿಚ್ ಕುರ್ಚಿ ಬಿಡುತ್ತೇನೆ ಎಂದರು. ಜನಕ್ಕೆ ಈ ವಿಚಾರಣೆ ಬೇಡ ಎಂದು ಮಕ್ಕಳಿಗೂ ಅರ್ಥವಾಗುವಂತಿತ್ತು. ಡಿಸೆಂಬರ್ 19ರಂದು ಅವಧಿ ಮುಗಿಯುತ್ತಿದ್ದ ಹಳೆಯ ಸಭೆಯೇ ಕೂತು ಕ್ಲಿಂಟನ್ ಮೇಲೆ ಮಹಾಭಿಯೋಗ ಹೊರಿಸಿಬಿಟ್ಟಿತು. ಜನಾದೇಶ ಬಂದಿತ್ತು, ಆದರೆ ಜನವರಿಯಿಂದ ಜಾರಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2006. ಇರಾಕ್ ಯುದ್ಧದಿಂದ ಜನ ಬೇಸತ್ತಿದ್ದರು. ಎರಡೂ ಸದನ ಡೆಮಾಕ್ರಟರ ಕೈಗೆ ಹೋಯಿತು. ಚೆನ್ನಾಗಿ ಬಾರಿಸಿಕೊಂಡೆವು ಎಂದು ರಿಪಬ್ಲಿಕನ್ ಅಧ್ಯಕ್ಷ ಬುಷ್ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ರಕ್ಷಣಾ ಸಚಿವ ರಮ್ಸ್‌ಫೆಲ್ಡ್‌ರನ್ನು ಮರುದಿನವೇ ಮನೆಗೆ ಕಳಿಸಿದರು. ಎರಡು ತಿಂಗಳು ಕೂತು ಜನರ ತೀರ್ಪನ್ನು ಆಳವಾಗಿ ಯೋಚಿಸಿದರು. 2007ರ ಜನವರಿಯಲ್ಲಿ ಇರಾಕ್‌ಗೆ ಇನ್ನೂ 20,000ಕ್ಕಿಂತ ಜಾಸ್ತಿ ಸೈನಿಕರನ್ನು ಕಳಿಸುವುದಾಗಿ ಪ್ರಕಟಿಸಿದರು. "ಸಾಕಪ್ಪಾ, ಬೇಡ" ಅಂದ ನೆಂಟರ ಎಲೆಗೆ ಇನ್ನೊಂದು ಹೋಳಿಗೆ ಹಾಕುವ ನಮ್ಮ ದೊಡ್ಡಮ್ಮನೂ ಹೀಗೇ ಯೋಚಿಸುತ್ತಾಳೆ.

ಒಬಾಮಾ ಏನು ಕಡಿಮೆಯೇ? ಮೂರನೇ ಎರಡು ಭಾಗದ ಮೌನ ಕೇಳಿಸಿಕೊಂಡ ಎರಡು ವಾರಕ್ಕೆಲ್ಲ ವಲಸಿಗರ ಬಗ್ಗೆ ದೊಡ್ಡ ಆದೇಶ ಪ್ರಕಟಿಸಿದರು. ವೋಟು ಹಾಕಿದವರು ಇದನ್ನೇ ಬೇಡ ಅಂದದ್ದು ಎಂದು ರಿಪಬ್ಲಿಕನ್ನರು ಕೂಗಾಡಿದರು. ವೋಟು ಹಾಕಿದವರೇ ಸುಮಾರು 36%. 1942ರ ನಂತರ ಅಷ್ಟು ಕಡಿಮೆ ಜನ ಬಂದಿರಲಿಲ್ಲ. ಈ 36ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೆದ್ದವರದು. ಅಂದರೆ ನೂರರಲ್ಲಿ ಹದಿನೆಂಟೋ ಹತ್ತೊಂಬತ್ತೋ ಮಂದಿ ದೇಶಕ್ಕೆ ಸ್ಪಷ್ಟ ಸಂದೇಶ ಕಳಿಸಿದ್ದರು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರ್ ವಿಷಯಕ್ಕೂ ಇದಕ್ಕಿಂತ ಜಾಸ್ತಿ ಹೆಬ್ಬೆರಳು ಬೀಳುತ್ತವೆ.

2018ರಲ್ಲಿ ಡೆಮಾಕ್ರಟರು ಕೆಳಮನೆಯಲ್ಲಿ ಸುಮಾರು 40 ಸೀಟು ಜಾಸ್ತಿ ಗೆದ್ದರು. ಸೆನೆಟ್‌ನಲ್ಲಿ ರಿಪಬ್ಲಿಕನ್ನರಿಗೆ ಎರಡು ಸೀಟು ಜಾಸ್ತಿ ಬಂತು. ಟ್ರಂಪ್ ಅದೇ ರಾತ್ರಿ ಭಾರೀ ಯಶಸ್ಸು ಎಂದು ಟ್ವೀಟ್ ಮಾಡಿದರು. ಎರಡೂ ಮನೆಯಲ್ಲಿ ಪಟಾಕಿ. ಡಿಸೆಂಬರ್‌ನಲ್ಲಿ ಗಡಿಗೋಡೆಯ ಜಗಳಕ್ಕೆ ಮತ್ತೆ ಕಚೇರಿಗಳಿಗೆ ಬೀಗ. ಈ ಸಲ 35 ದಿನ.

ಈಗ ಈ ಜನಾದೇಶ ಹುಟ್ಟುವುದು ಎಲ್ಲಿ ಅಂತ ನೋಡೋಣ. 2022ರ ಹೊತ್ತಿಗೆ ಭಾವ ಅಮೆರಿಕದ ಪ್ರಜೆಯಾಗಿದ್ದರು. ಮೊದಲ ವೋಟು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಬರುವಾಗ ಎದೆ ಮೇಲೆ "ನಾನು ವೋಟು ಹಾಕಿದೆ" ಎಂಬ ಚೀಟಿ. ಮದುವೆ ಮನೆಯಲ್ಲಿ ಕೊಟ್ಟ ಗುಲಾಬಿ ಸಿಕ್ಕಿಸಿಕೊಂಡವರ ಹಾಗೆ ಸಂಜೆವರೆಗೂ ಅದನ್ನು ತೆಗೆಯಲಿಲ್ಲ.

"ಹೇಗಿತ್ತು ಭಾವ?" ಎಂದೆ.

"ಉದ್ದ ಕಣೋ. ಎರಡೂ ಕಡೆ ಪ್ರಿಂಟು. ಗವರ್ನರ್, ಕಾಂಗ್ರೆಸ್ಸು, ಜಡ್ಜು, ಕಾಲೇಜಿನ ಟ್ರಸ್ಟಿ, ಲೈಬ್ರರಿ ಕಮಿಟಿ... ಮೇಲೆ ಮೂರು ಪ್ರಸ್ತಾವ ಬೇರೆ. ಎಲ್ಲದಕ್ಕೂ ಮೊಟ್ಟೆ ಆಕಾರದ ಗುಂಡಿ ತುಂಬಬೇಕು. ಎಸ್ಸೆಸ್ಸೆಲ್ಸಿ ನೆನಪಾಯ್ತು."

"ಎಲ್ಲ ತುಂಬಿದ್ರಾ?"

"ಅರ್ಧ. ಜಡ್ಜುಗಳು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು? ಒಬ್ಬಳ ಹೆಸರು ಓದೋಕೆ ಸುಲಭ ಇತ್ತು, ಅವಳಿಗೆ ಹಾಕಿದೆ."

ಆ ಕಾಗದದಲ್ಲಿ ಮಾತು ಬರೆಯಲು ಒಂದು ಗೆರೆಯಷ್ಟೂ ಜಾಗ ಇಲ್ಲ. ಕರಿ ಶಾಯಿಯ ಚುಕ್ಕೆ, ಅಷ್ಟೇ. ಮರುದಿನ ಬೆಳಿಗ್ಗೆ ಟೀವಿಯಲ್ಲಿ ಒಬ್ಬ ಕೋಟಿನವನು ನಕ್ಷೆಯ ಮೇಲೆ ಬೆರಳಾಡಿಸುತ್ತಾ, ಮಿಷಿಗನ್ ಮತದಾರರು ಸ್ಪಷ್ಟ ಸಂದೇಶ ಕಳಿಸಿದ್ದಾರೆ ಅಂದ. ಕಾಫಿ ಕುಡಿಯುತ್ತಿದ್ದ ಭಾವ ಲೋಟ ಕೆಳಗಿಟ್ಟು ಅಕ್ಕನ ಮುಖ ನೋಡಿದರು. "ನಾನು ಯಾವಾಗ ಕಳಿಸಿದೆನೇ?"

ಆ ವರ್ಷ ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಸಮೀಕ್ಷೆಯಲ್ಲಿ ಮುಖ್ಯ ವಿಷಯ ಯಾವುದು ಎಂಬ ಪ್ರಶ್ನೆಗೆ ಐದೇ ಉತ್ತರಗಳ ಪಟ್ಟಿ ಇತ್ತು. ಬೆಲೆಯೇರಿಕೆ ಅಂದವರು 31%. ಗರ್ಭಪಾತ ಅಂದವರು 27%. ಮೊದಲನೆಯದನ್ನು ಒಂದು ಪಕ್ಷ ಎತ್ತಿಕೊಂಡು ಹೋಯಿತು, ಎರಡನೆಯದನ್ನು ಇನ್ನೊಂದು. ಓದಲು ಸುಲಭವಾದ ಹೆಸರು ಎಂಬುದು ಪಟ್ಟಿಯಲ್ಲೇ ಇರಲಿಲ್ಲ. (ಅಂದ ಹಾಗೆ, ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅದೇ ಚುನಾವಣೆಯಲ್ಲಿ ಡೆಟ್ರಾಯಿಟ್ ಕಡೆಯಿಂದ ಕಾಂಗ್ರೆಸ್ಸಿಗೆ ಗೆದ್ದರು. ಅಕ್ಕ ಅವತ್ತು ಕುಂದಾ ಮಾಡಿದ್ದಳು. ಕುಂದಾದ ಮಟ್ಟಿಗೆ ಜನಾದೇಶ ಸ್ಪಷ್ಟವಿತ್ತು, ಪಾತ್ರೆ ಖಾಲಿ.)

ಇದೆಲ್ಲ ನೋಡಿದಾಗ ನನಗೆ ಮೈಲಾರದ ಕಾರಣಿಕ ನೆನಪಾಗುತ್ತದೆ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾನೆ. ಆಮೇಲೆ ವರ್ಷವಿಡೀ ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ಬೆಲೆ ಕಾಣುತ್ತಾನೆ, ಶಾಸಕ ತನ್ನ ಮಂತ್ರಿಗಿರಿ ಕಾಣುತ್ತಾನೆ. ಆದರೆ ಒಂದು ವ್ಯತ್ಯಾಸ ಇದೆ. ಮೈಲಾರದಲ್ಲಿ ಅರ್ಥ ಹೇಳುವವರು ಬಿಲ್ಲು ಹತ್ತುವುದಿಲ್ಲ. ವಾಷಿಂಗ್ಟನ್‌ನಲ್ಲಿ ಬಿಲ್ಲು ಹತ್ತುವವನೂ, ಅರ್ಥ ಹೇಳುವವನೂ, ಕೆಳಗೆ ನಿಂತು ಪರಾಕ್ ಅನ್ನುವವನೂ ಒಬ್ಬನೇ.

2022ರಲ್ಲಂತೂ ಅರ್ಥ ಹೇಳುವುದಕ್ಕೆ ಸೀಟಿನ ಲೆಕ್ಕವೂ ಬೇಕಾಗಲಿಲ್ಲ. ಕೆಂಪು ಅಲೆ (ಕೆಂಪು ರಿಪಬ್ಲಿಕನ್ನರ ಬಣ್ಣ) ಬರುತ್ತದೆ ಅಂತ ತಿಂಗಳುಗಟ್ಟಲೆ ಡಂಗುರ. ಬಂದದ್ದು ಕಾಲು ತೋಯುವಷ್ಟು. ರಿಪಬ್ಲಿಕನ್ನರು 222, ಡೆಮಾಕ್ರಟರು 213. ಸೋತವರು ಅಂದುಕೊಂಡದ್ದಕ್ಕಿಂತ ಕಡಿಮೆ ಸೋತಿದ್ದೇವೆ ಎಂದು ಕುಣಿದರು. ಮುಂದಿನ ಎರಡು ವರ್ಷ ಏನು ಬದಲಾಯಿಸುತ್ತೀರಿ ಎಂದು ಪತ್ರಕರ್ತರು ಕೇಳಿದರೆ, ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಬೈಡನ್ ಏನೂ ಇಲ್ಲ ಎಂದರು. ಗೆದ್ದವರಿಗೆ ಜನಾದೇಶ ಎಷ್ಟು ಸ್ಪಷ್ಟವಾಗಿತ್ತೆಂದರೆ ತಮ್ಮದೇ ಸ್ಪೀಕರ್ ಆರಿಸಲು 15 ಸುತ್ತು ಮತ ಹಾಕಬೇಕಾಯಿತು. ಹಾಗೆ ಆರಿಸಿದ ಕೆವಿನ್ ಮೆಕಾರ್ಥಿಯವರನ್ನು ಒಂಬತ್ತು ತಿಂಗಳಿಗೆ ಇಳಿಸಿದರು. ಅದನ್ನೂ ಜನರ ಹೆಸರಿನಲ್ಲೇ.

ಆ ಚುನಾವಣೆಯ ವಾರ ನನ್ನ ಫೋನಿಗೂ ಒಂದು ಸಂದೇಶ ಬಂತು. ಯಾರದೋ ಹಳೆಯ ನಂಬರ್ ನನಗೆ ಸಿಕ್ಕಿದೆ, ಹಾಗಾಗಿ ನನ್ನನ್ನು ಅವರು ಗ್ಯಾರಿ ಎಂದು ಕರೆಯುತ್ತಾರೆ. "ಗ್ಯಾರಿ, ನಿಮ್ಮ ಧ್ವನಿ ನಮಗೆ ಕೇಳಿಸಿದೆ. ಮಧ್ಯರಾತ್ರಿಯೊಳಗೆ 25 ಡಾಲರ್ ಕೊಡಿ." ನನ್ನಂಥ ವೀಸಾದವನು ಚುನಾವಣೆಗೆ ದುಡ್ಡು ಕೊಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಕೆಳಗೆ ಸಣ್ಣಕ್ಷರದಲ್ಲಿ, ಬೇಡವಾದರೆ ಸ್ಟಾಪ್ ಎಂದು ಉತ್ತರಿಸಿ ಅಂತಿತ್ತು. ಹನ್ನೆರಡು ವರ್ಷ ತೆರಿಗೆ ಕಟ್ಟಿದ ಮೇಲೆ ಈ ದೇಶ ಮೊದಲ ಸಲ ನನ್ನ ಅಭಿಪ್ರಾಯ ಕೇಳಿತ್ತು. ಸ್ಟಾಪ್ ಎಂದು ಒತ್ತಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಉತ್ತರ ಕೂತಿತ್ತು. "ಧನ್ಯವಾದ ಗ್ಯಾರಿ! ಅವರನ್ನು ಸ್ಟಾಪ್ ಮಾಡಲೇಬೇಕು ಎಂದು ನಿಮ್ಮಂಥವರು ಹೇಳುತ್ತಿದ್ದೀರಿ. ಇವತ್ತೇ 50 ಡಾಲರ್ ಕೊಡಿ."