ಗಾರೆ ಗೋಡೆಗೆ ಸಿಮೆಂಟ್ ಬಳಿಯಬೇಡಿ

ಇವತ್ತು ಬೆಳಿಗ್ಗೆ ನಾನು ಓದಿದ ಶಾಲೆಯ ಮುಂದೆ ಹಾದು ಬಂದೆ. ಯಾವುದು ಅಂತ ಚಿತ್ರದುರ್ಗದ ಗೆಳೆಯರಿಗೆ ಹೇಳಬೇಕಾಗಿಲ್ಲ. ಪಡಸಾಲೆ ಪಕ್ಕದ ದಪ್ಪ ಗೋಡೆಯ ಸುಣ್ಣದ ಗಾರೆಯನ್ನೆಲ್ಲ ಕೆತ್ತಿ ಹಾಕಿ, ಮೇಲೆ ಸಿಮೆಂಟ್ ಬಳಿಯುತ್ತಿದ್ದರು. ತುಂಬಾ ಸಂಕಟವಾಯಿತು.

ಶಾಲೆಗೆ ಹೊಸ ಕಟ್ಟಡವನ್ನೂ ಕಟ್ಟುತ್ತಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಮಕ್ಕಳು ಜಾಸ್ತಿ ಆಗಿದ್ದಾರೆ, ಲ್ಯಾಬ್ ಬೇಕು, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ ಬೇಕು. ಮೈದಾನದ ಕಡೆ ಕಟ್ಟಲಿ, ಇವತ್ತಿನ ಕಟ್ಟಡದ ಥರಾನೇ ಕಟ್ಟಲಿ, ಹಳೆಯದರ ವೇಷ ಹಾಕೋದು ಬೇಡ. ಆದರೆ ಹಳೆ ಗೋಡೆಗೆ ತೂತು ಕೊರೆದು, ಕಂಬಿ ಸೇರಿಸಿ, ಅದಕ್ಕೇ ಅಂಟಿಸಿ ಕಟ್ಟುವುದು ಯಾಕೆ? ಹಳೆ ಪಾಯ ಕೂರುವಷ್ಟು ಕೂತಾಗಿದೆ. ಹೊಸದು ಇನ್ನು ಮೇಲೆ ಕೂರುತ್ತದೆ. ನಡುವೆ ಸಂದು ಬಿಡದಿದ್ದರೆ ಬಿರುಕು ಖಂಡಿತ.

ಅದಕ್ಕಿಂತ ದೊಡ್ಡ ಅನ್ಯಾಯ ಆ ಸಿಮೆಂಟ್. ನಮ್ಮಪ್ಪ ಗಾರೆ ಕೆಲಸ ಮಾಡಿದವರು ಅಂತ ನಿಮಗೆಲ್ಲ ಗೊತ್ತು. ಗಾರೆ ಅಂದರೆ ಸುಣ್ಣ, ಮರಳು. ಈಗ ಸಿಮೆಂಟ್ ಕಲಸುವವರಿಗೂ ಗಾರೆ ಕೆಲಸದವರು ಅಂತಲೇ ಹೆಸರು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ದಿನಗಟ್ಟಲೆ ನೆನೆಯಲು ಬಿಟ್ಟು, ಮರಳು ಸೇರಿಸಿ ಅರೆಯಬೇಕು. ಬಳಿದ ಮೇಲೂ ಅದು ಗಾಳಿ ಕುಡಿಯುತ್ತಾ ನಿಧಾನಕ್ಕೆ ಕಲ್ಲಾಗುತ್ತದೆ. ನೆಲದಿಂದ ಏರಿದ ತೇವ ಗಾರೆಯ ಮೂಲಕ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು, ಉಪ್ಪು ಉಕ್ಕಿ, ಇಟ್ಟಿಗೆ ಪುಡಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನುಣ್ಣಗೇ ಕಾಣುತ್ತಿರುತ್ತದೆ.

ನಾನೂ ಇದೇ ತಪ್ಪು ಮಾಡಿದ್ದೇನೆ. ಅಪ್ಪ ಹೋದ ಮೇಲೆ ಹಳೆ ಮನೆಯ ಅಡುಗೆಮನೆ ಗೋಡೆಗೆ ಸಿಮೆಂಟ್ ಮಾಡಿಸಿದೆ. ಮೂರು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಅದರ ಜೊತೆ ಅಪ್ಪ ಇಟ್ಟ ಇಟ್ಟಿಗೆಯೂ ಬಂತು. ಇವತ್ತಿಗೂ ಚುಚ್ಚುತ್ತದೆ.

ಸುಣ್ಣ ಗಟ್ಟಿ ಇರಲ್ಲ ಅನ್ನುತ್ತಾರೆ. 1907ರಲ್ಲಿ ಮುಗಿದ, ಹಿರಿಯೂರು ಹತ್ತಿರದ ನಮ್ಮ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಅಣೆಕಟ್ಟು ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ. 1933 ಬಿಟ್ಟರೆ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿಗೆ ಓಡಿದ್ದೆವಲ್ಲ, ನೆನಪಿದೆಯಾ? ಅಷ್ಟು ನೀರು ತಡೆದ ಗಾರೆ ಒಂದು ಶಾಲೆ ಗೋಡೆಗೆ ಸಾಲದಾ? ಮಾಡುವವರು ಸಿಗಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಹುಡುಕಿಲ್ಲ, ಅಷ್ಟೇ.

ಕೆಲಸ ಮಾಡುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. "ಎಸ್ಟಿಮೇಟಲ್ಲಿ ಸುಣ್ಣನೇ ಇಲ್ಲಣ್ಣ, ಸಿಮೆಂಟ್ ಅಂತಿದೆ, ನಾವೇನ್ ಮಾಡೋದು" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಎಸ್ಟಿಮೇಟ್ ಬರೆದವರು ಒಂದು ಸಲ ಗೋಡೆ ಮುಟ್ಟಿ ನೋಡಬೇಕಿತ್ತು, ಅಲ್ವಾ?

ಪೂರ್ವದ ಗೋಡೆ, ಪಡಸಾಲೆ ಇನ್ನೂ ಉಳಿದಿವೆ. ಸೋಮವಾರ ಬೆಳಿಗ್ಗೆ 10ಕ್ಕೆ ನಾವು ಕೆಲವರು ಹೆಡ್‌ಮಾಸ್ಟರನ್ನು ನೋಡಲು ಹೋಗುತ್ತಿದ್ದೇವೆ. ನಮ್ಮ ಬ್ಯಾಚಿನವರು ಬರುವುದಾದರೆ ಗೇಟ್ ಹತ್ತಿರ ಬನ್ನಿ. ನಮ್ಮ ಅಡುಗೆಮನೆಯಿಂದ ಬಿದ್ದ ಸಿಮೆಂಟ್ ಚಕ್ಕೆಯನ್ನು ಎತ್ತಿಟ್ಟಿದ್ದೇನೆ, ಅದರ ಬೆನ್ನಿಗೆ ಇಟ್ಟಿಗೆ ಇನ್ನೂ ಅಂಟಿಕೊಂಡಿದೆ. ಅದನ್ನು ತರುತ್ತೇನೆ.